ಕಟ್ಟಿದವರು ಯಾರು?

ಹಳೆಯ ಕಟ್ಟಡವೊಂದರ ಮುಂದೆ ನಿಂತಾಗ ನಮ್ಮ ಬಾಯಿಂದ ಹೊರಡುವ ಮೊದಲ ಪ್ರಶ್ನೆ, "ಇದನ್ನು ಕಟ್ಟಿಸಿದವರು ಯಾರು?" ಎಂಬುದು. ಯಾರೋ ಒಬ್ಬ ಅರಸನ ಹೆಸರು ಸಿಕ್ಕಿದರೆ ಸಾಕು, ಅಂಗಡಿಯ ಲೆಕ್ಕ ಚುಕ್ತಾ ಮಾಡಿದವರಂತೆ ನಿಶ್ಚಿಂತರಾಗಿ ಮುಂದಿನ ಗೋಡೆಗೆ ಹೋಗುತ್ತೇವೆ. ಆದರೆ ಲೆಕ್ಕ ನಿಜವಾಗಿ ಚುಕ್ತಾ ಆಯಿತೆ? ಕಟ್ಟಿಸಿದವನ ಹೆಸರು ಹೇಳಿದ ಮಾತ್ರಕ್ಕೆ ಕಟ್ಟಿದವರ ಋಣ ತೀರಿತೆ? ಪೆರು, ಬೊಲಿವಿಯಾ ದೇಶಗಳ ಪ್ರಾಚೀನ ಸ್ಥಳಗಳನ್ನು ಒಂದು ತಂಡದೊಡನೆ ಎರಡು ವಾರ ಸುತ್ತಿ ಬಂದಮೇಲೆ ಈ ಪ್ರಶ್ನೆ ನನ್ನನ್ನು ಹಿಡಿದುಕೊಂಡಿದೆ.

ನಾವು ಹದಿನಾಲ್ಕು ಮಂದಿ. ನಮ್ಮನ್ನು ನಡೆಸಿಕೊಂಡು ಹೋಗಲು ಕುಸ್ಕೊ ನಗರದ ಒಬ್ಬ ಮಾರ್ಗದರ್ಶಿ. ಕೆಚುವಾ ಅವರ ಮನೆಮಾತು. ಕುಸ್ಕೊದ ಮೇಲಿನ ಗುಡ್ಡದಲ್ಲಿ ಸಾಕ್ಸಾಯ್‌ವಾಮನ್ ಎಂಬ ಕೋಟೆಯಂಥ ಕಟ್ಟಡವಿದೆ. ಅದರ ಗೋಡೆಯ ಅತಿ ದೊಡ್ಡ ಕಲ್ಲು ನೂರು ಟನ್ನಿಗಿಂತ ಹೆಚ್ಚು ತೂಗುತ್ತದೆಂದು ಅಂದಾಜು. ಕಬ್ಬಿಣ ಗೊತ್ತಿರಲಿಲ್ಲ, ಗಾಡಿಯ ಚಕ್ರವಿರಲಿಲ್ಲ, ಭಾರ ಎಳೆಯಲು ಎತ್ತಾಗಲಿ ಕುದುರೆಯಾಗಲಿ ಇರಲಿಲ್ಲ. ಆದರೂ ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕಚ್ಚಿಕೊಂಡಿದೆ. "ಎಂಥ ಜನವಪ್ಪ ಈ ಇಂಕಾಗಳು!" ಎಂದರು ನಮ್ಮಲ್ಲೊಬ್ಬರು. ಮಾರ್ಗದರ್ಶಿ ನಕ್ಕು, "ಇಂಕಾ ಎಂದರೆ ಜನವಲ್ಲ, ದೊರೆ, ಹೆಚ್ಚೆಂದರೆ ದೊರೆಯ ವಂಶ. ಈ ಕಲ್ಲು ಎಳೆದವರು ಬೇರೆ" ಎಂದರು.

ಅವರು ಹೇಳಿದ್ದು ಸುಳ್ಳಲ್ಲ. ಸಿಯೆಸಾ ಡೆ ಲಿಯೋನ್ ಎಂಬ ಸ್ಪೇನಿನ ಸೈನಿಕ ಹದಿನಾರನೆಯ ಶತಮಾನದ ನಡುವಿನಲ್ಲಿ ಆ ನಾಡನ್ನೆಲ್ಲ ತಿರುಗಿ, ಕೇಳಿದ್ದನ್ನೂ ಕಂಡದ್ದನ್ನೂ ಬರೆದಿಟ್ಟ. ಈ ಕೆಲಸಕ್ಕೆ ಪ್ರಾಂತಗಳಿಂದ 20,000 ಜನರನ್ನು ಕರೆಸಿದರೆಂದೂ, ಅವರಲ್ಲಿ 4,000 ಮಂದಿ ಕಲ್ಲು ಕಡಿಯುತ್ತಿದ್ದರೆಂದೂ, 6,000 ಮಂದಿ ದಪ್ಪ ಹಗ್ಗಗಳಿಂದ ಎಳೆಯುತ್ತಿದ್ದರೆಂದೂ ಅವನ ಲೆಕ್ಕ. ಹೀಗೆ ಸರದಿಯ ಪ್ರಕಾರ ರಾಜ್ಯಕ್ಕೆ ದುಡಿಯುವುದಕ್ಕೆ 'ಮಿತಾ' ಎಂದು ಹೆಸರು. ಬಂದವರು ಹಲವು ಕುಲದವರು, ಹಲವು ಭಾಷೆಯವರು. ಅವರೆಲ್ಲರೂ ಇಂದು ನಮ್ಮ ಬಾಯಲ್ಲಿ 'ಇಂಕಾ' ಎಂಬ ಎರಡಕ್ಷರದಲ್ಲಿ ಅಡಗಿಹೋಗಿದ್ದಾರೆ.

ಇನ್ನು ಕಾಲದ ಮಾತು. ಇಂಕಾ ದೊರೆಗಳು ದೊಡ್ಡ ಸಾಮ್ರಾಜ್ಯವನ್ನು ಆಳಿದ್ದು ಹೆಚ್ಚುಕಡಮೆ ನೂರು ವರ್ಷ. 1532ರಲ್ಲಿ ಸ್ಪೇನಿನವರು ಅವರ ದೊರೆಯನ್ನು ಸೆರೆಹಿಡಿದರು. ಅವರಿಗಿಂತ ಐದಾರು ಶತಮಾನ ಹಿಂದೆಯೇ ಕುಸ್ಕೊದ ನೆರೆಯಲ್ಲಿ ವಾರಿ ಜನ ಪಿಕಿಯಾಕ್ತಾ ಎಂಬ ಊರನ್ನು ಗೆರೆ ಎಳೆದಂತೆ ಕಟ್ಟಿದ್ದರು. ಟಿಟಿಕಾಕಾ ಸರೋವರದ ಬಳಿ ತಿವಾನಾಕು ಮೆರೆದದ್ದೂ ಆಗಲೇ. ಚಾವಿನ್ ದೇವಾಲಯ ಕ್ರಿಸ್ತಪೂರ್ವದ್ದು. ಕಡಲ ಕಡೆಯ ಕರಾಲ್ ನಗರವಂತೂ ಈಜಿಪ್ಟಿನ ಪಿರಮಿಡ್ಡುಗಳ ಕಾಲದ್ದು. ಇವನ್ನೆಲ್ಲ ಸೇರಿಸಿಕೊಂಡ ನಮ್ಮ ಪ್ರವಾಸದ ಹೆಸರು ಮಾತ್ರ 'ಇಂಕಾ ಯಾತ್ರೆ'! ಕಡೆಗೆ ಬಂದವನು ಮನೆಯ ಯಜಮಾನನಾದ ಹಾಗಾಯಿತು. ಸಿಯೆಸಾ 1549ರಲ್ಲಿ ತಿವಾನಾಕುವಿಗೆ ಹೋಗಿ, ಇವೆಲ್ಲ ಇಂಕಾಗಳ ಕಾಲದಲ್ಲಿ ಆದವೇ ಎಂದು ಸ್ಥಳದ ಜನರನ್ನು ಕೇಳಿದನಂತೆ. ಅವರು ಆ ಪ್ರಶ್ನೆಗೆ ನಕ್ಕುಬಿಟ್ಟರಂತೆ. ಇಂಕಾಗಳಿಗಿಂತ ಬಹು ಹಿಂದಿನವು, ಆದರೆ ಯಾರು ಮಾಡಿದರೋ ತಿಳಿಯದು ಎಂಬುದು ಅವರ ಉತ್ತರ. ಆ ನಗೆ ನನಗೆ ಬಹಳ ಹಿಡಿಸಿತು.

ಹಿಂದಿನವರನ್ನು ಮುಚ್ಚಿಡುವ ಕೆಲಸವನ್ನು ಇಂಕಾ ವಂಶದವರೂ ಮಾಡಿದರು. ಇಂಕಾ ರಾಜವಂಶದ ತಾಯಿಗೂ ಸ್ಪೇನಿನ ತಂದೆಗೂ ಹುಟ್ಟಿದ ಗಾರ್ಸಿಲಾಸೊ ಡೆ ಲಾ ವೇಗಾ 1609ರಲ್ಲಿ ಅಚ್ಚಾದ ತನ್ನ ಚರಿತ್ರೆಯಲ್ಲಿ, ಇಂಕಾಗಳು ಬರುವ ಮುನ್ನ ಆ ನಾಡಿನ ಜನ ಮೃಗಗಳಂತೆ ಬಾಳುತ್ತಿದ್ದರೆಂದು ಬರೆದ. ತಾಯಿಯ ಕುಲದ ಮೇಲಿನ ಅಭಿಮಾನ ಸಹಜವಾದದ್ದೇ. ಆದರೆ ಆ ಅಭಿಮಾನಕ್ಕೆ ಬಲಿಯಾದದ್ದು ಕರಾಲ್, ಚಾವಿನ್, ತಿವಾನಾಕು. ಇಂಕಾಗಳಿಗೂ ಅದೇ ಗತಿ ಬಂತು. ಅವರ ಸೂರ್ಯದೇವಾಲಯ ಕೊರಿಕಾಂಚಾದ ಗೋಡೆಗಳ ಮೇಲೆ ಸ್ಪೇನಿನವರು ಸಾಂತೊ ದೊಮಿಂಗೊ ಮಠವನ್ನು ಎಬ್ಬಿಸಿದರು. 1950ರ ಭೂಕಂಪದಲ್ಲಿ ಮೇಲಿನದು ಬಿರುಕುಬಿಟ್ಟು ಕುಸಿದಾಗ ಒಳಗಿನ ಇಂಕಾ ಗೋಡೆಗಳು ಅಲುಗದೆ ಹೊರಗೆ ಕಂಡವು. 1911ರಲ್ಲಿ ಅಮೆರಿಕದ ಹೈರಮ್ ಬಿಂಗ್ಹ್ಯಾಮ್ ಮಾಚು ಪಿಚುವನ್ನು 'ಕಂಡುಹಿಡಿದ' ಎನ್ನುತ್ತಾರೆ. ಅವನು ಹೋದಾಗ ಅಲ್ಲಿ ಒಕ್ಕಲು ಮನೆಗಳಿದ್ದವು. ಅಲ್ಲಿಯ ಹುಡುಗನೊಬ್ಬನೇ ಅವನಿಗೆ ದಾರಿ ತೋರಿದ್ದು.

ನಮ್ಮ ತಂಡದಲ್ಲಿ ನಮ್ಮ ಕಡೆಯವರೇ ಆದ ನಿವೃತ್ತ ಎಂಜಿನಿಯರೊಬ್ಬರಿದ್ದರು. ಅವರು ನನ್ನ ಮಾತನ್ನು ಒಪ್ಪಲಿಲ್ಲ. "ನೋಡಿ ಸ್ವಾಮಿ, ಆಜ್ಞೆ ಮಾಡುವವನಿಲ್ಲದೆ ಕಲ್ಲು ಅಲುಗೀತೆ? ಇಪ್ಪತ್ತು ಸಾವಿರ ಜನಕ್ಕೆ ಊಟ ಹೊಂದಿಸುವುದು ಹುಡುಗಾಟವೆ? ಅಷ್ಟು ಹೆಸರುಗಳನ್ನು ನೆನಪಿಡುವವರು ಯಾರು? ಹೆಸರೆಂಬುದು ಒಂದು ಅನುಕೂಲ, ಅಷ್ಟೆ" ಎಂದರು. ಇದರಲ್ಲಿ ಸತ್ಯವಿದೆ. ಬೆಟ್ಟದ ಪಕ್ಕೆಗಳಲ್ಲಿ ಇಂಕಾಗಳ ಕಣಜಗಳನ್ನು ನಾನೇ ಕಂಡಿದ್ದೇನೆ. ದುಡಿಯಲು ಬಂದವರಿಗೆ ರಾಜ್ಯ ಊಟವನ್ನೂ ಜೋಳದ ಮದ್ಯವನ್ನೂ ಕೊಡುತ್ತಿತ್ತು. ಯೋಜನೆಯೂ ಒಂದು ಕೆಲಸವೇ.

ಆದರೆ ನೆನಪಿನ ಅನುಕೂಲ ಒಂದು, ಋಣದ ಲೆಕ್ಕ ಇನ್ನೊಂದು. ಕೆಲಸವನ್ನೆಲ್ಲ ಆಜ್ಞೆಯ ಖಾತೆಗೆ ಬರೆಯುವುದನ್ನು ಒಮ್ಮೆ ಕಲಿತರೆ, ಆಜ್ಞೆ ಎಂಥದ್ದೆಂದು ಕೇಳುವ ಅಭ್ಯಾಸ ತಪ್ಪಿಹೋಗುತ್ತದೆ. ಇದಕ್ಕೆ 'ಮಿತಾ' ಎಂಬ ಮಾತೇ ಸಾಕ್ಷಿ. 1570ರ ದಶಕದಲ್ಲಿ ಸ್ಪೇನಿನ ವೈಸರಾಯ್ ಟೊಲೆಡೊ ಅದೇ ಹೆಸರನ್ನೂ ಅದೇ ಸರದಿಯನ್ನೂ ಉಳಿಸಿಕೊಂಡು ಜನರನ್ನು ಪೊಟೊಸಿಯ ಬೆಳ್ಳಿಯ ಗಣಿಗೆ ಅಟ್ಟಿದ. ಎಷ್ಟೋ ಮಂದಿ ಊರಿಗೆ ಹಿಂದಿರುಗಲಿಲ್ಲ. ಆ ಪದ್ಧತಿ ರದ್ದಾದದ್ದು 1812ರಲ್ಲಿ. ಪೊಟೊಸಿಯ ಬೆಳ್ಳಿಯೂ ಒಂದು ಅದ್ಭುತ ವ್ಯವಸ್ಥೆಯ ಫಲವೇ ಅಲ್ಲವೆ? ಆಜ್ಞೆಯನ್ನೇ ಹೊಗಳುವವನು ಅಲ್ಲಿಯೂ ಕೈಮುಗಿಯಬೇಕಾದೀತು. ನಾನು ಮುಗಿಯಲಾರೆ.

ಹಾಗಾದರೆ ಹೆಸರಿಲ್ಲದವರನ್ನು ನೆನೆಯುವುದು ಹೇಗೆ? ಕುಸ್ಕೊದಿಂದ ದಕ್ಷಿಣಕ್ಕೆ ಅಪುರಿಮಾಕ್ ನದಿಯ ಕಮರಿಯ ಮೇಲೆ ಕೆಸ್ವಾಚಾಕಾ ಎಂಬ ಹುಲ್ಲಿನ ಸೇತುವೆಯಿದೆ. ಉದ್ದ ಸುಮಾರು 30 ಮೀಟರ್. ಪ್ರತಿವರ್ಷ ಜೂನ್ ತಿಂಗಳಲ್ಲಿ ನಾಲ್ಕು ಹಳ್ಳಿಯವರು ಸೇರಿ ಅದನ್ನು ಹೊಸದಾಗಿ ಕಟ್ಟುತ್ತಾರೆ. ಹೆಂಗಸರು ಬೆಟ್ಟದ ಹುಲ್ಲನ್ನು ಹೊಸೆದು ಹುರಿ ಮಾಡುತ್ತಾರೆ. ಗಂಡಸರು ಹುರಿಗಳನ್ನು ಹೆಣೆದು ತೊಡೆಯಷ್ಟು ದಪ್ಪದ ಹಗ್ಗ ಮಾಡುತ್ತಾರೆ. ಹಳೆಯ ಸೇತುವೆಯನ್ನು ಕಡಿದು ಹೊಳೆಗೆ ಬಿಡುತ್ತಾರೆ. ಸಾಂಕ್ರಾಮಿಕದ ವರ್ಷ, 2020ರಲ್ಲಿ, ಈ ಕೆಲಸ ನಡೆಯಲಿಲ್ಲ. 2021ರ ಮಾರ್ಚಿನಲ್ಲಿ ಸೇತುವೆ ಕುಸಿದುಬಿತ್ತು. ಅದೇ ಜೂನ್ ತಿಂಗಳಲ್ಲಿ ಮತ್ತೆ ಕಟ್ಟಿದರು. ವಾಹನ ದಾಟಲು ಪಕ್ಕದಲ್ಲೇ ಉಕ್ಕಿನ ಸೇತುವೆಯಿದೆ. ದಾಟುವುದೊಂದೇ ಗುರಿಯಾಗಿದ್ದರೆ ಇಷ್ಟು ಶ್ರಮ ಬೇಕಿರಲಿಲ್ಲ. ಅಜ್ಜಂದಿರ ಹೆಸರು ಮರೆತಿರಬಹುದು. ಅವರ ಕೈ ಮಾಡಿದ ಕೆಲಸವನ್ನು ಮರೆತಿಲ್ಲ. ಆ ಕೆಲಸವನ್ನು ಮಾಡುವುದೇ ಅವರನ್ನು ನೆನೆಯುವ ಕ್ರಮ.

ನಮ್ಮಂಥ ಪ್ರವಾಸಿಗಳಿಗೆ ಹುರಿ ಹೊಸೆಯಲು ಬರುವುದಿಲ್ಲ. ಆದರೂ ನಮ್ಮ ಪಾಲಿಗೆ ಸಣ್ಣ ಕರ್ತವ್ಯಗಳು ಉಳಿದಿವೆ. ಗೊತ್ತಿಲ್ಲದ ಕಡೆ ಅರಸನ ಹೆಸರು ತುಂಬಿಸದೆ, ತಿವಾನಾಕುವಿನ ಜನರಂತೆ ತಿಳಿಯದು ಎನ್ನಬಹುದು. 'ಕಟ್ಟಿಸಿದವರು ಯಾರು' ಎಂದಮೇಲೆ 'ಕಟ್ಟಿದವರು ಯಾರು' ಎಂದೂ ಕೇಳಬಹುದು. ಮಾಚು ಪಿಚುವಿಗೆ ಹಳೆಯ ಕಾಲುದಾರಿಯಲ್ಲಿ ಹೋಗುವವರ ಡೇರೆ, ಪಾತ್ರೆ, ಅಕ್ಕಿ ಎಲ್ಲವನ್ನೂ ಇಂದಿಗೂ ಆ ನಾಡಿನ ಕೂಲಿಗಳೇ ಹೊರುತ್ತಾರೆ. ಒಬ್ಬನ ಮೇಲೆ 20 ಕಿಲೋಗಿಂತ ಹೆಚ್ಚು ಹೇರಬಾರದೆಂದು ಕಾನೂನಾದದ್ದು 2001ರಲ್ಲಿ. ಸತ್ತವರ ಕಲ್ಲನ್ನು ನೋಡಿ ಬೆರಗಾಗುವ ಮುಂಚೆ, ಜೊತೆಗೆ ನಡೆಯುತ್ತಿರುವವನ ಬೆನ್ನ ಮೇಲೆ ಎಷ್ಟು ಭಾರವಿದೆಯೆಂದು ನೋಡಿ, ಅವನ ಹೆಸರನ್ನು ಕೇಳಿಕೊಳ್ಳುವುದು ಒಳ್ಳೆಯದು. ಅವನು ಬದುಕಿದ್ದಾನೆ; ಕೇಳಿದರೆ ಹೇಳುತ್ತಾನೆ.