ಕರಿಯೆಳ್ಳಿನ ಗಿಡ

ನಮ್ಮ ಮನೆಗಳಲ್ಲಿ ಎಳ್ಳಿಗೆ ಎರಡು ಬಾಳು. ಸಂಕ್ರಾಂತಿಯ ದಿನ ಬೆಲ್ಲ, ಕೊಬ್ಬರಿ, ಕಡಲೆಬೀಜ, ಹುರಿಗಡಲೆಗಳ ಜೊತೆ ಸೇರಿ ಅದು ಮನೆಮನೆಗೆ ಹೋಗುತ್ತದೆ. ಅಮಾವಾಸ್ಯೆಯ ದಿನ ದರ್ಭೆಯೊಡನೆ, ನೀರಿನೊಡನೆ, ಗತಿಸಿದವರಿಗೆ ಹೋಗುತ್ತದೆ. ‘ಎಳ್ಳುನೀರು ಬಿಟ್ಟ’ ಎಂದರೆ ಆ ವಸ್ತುವಿನ ಆಸೆ ತೀರಿತೆಂದೇ ಅರ್ಥ. ಹೀಗಿರುವಾಗ ಕರಿಯೆಳ್ಳನ್ನು ಮನೆಯ ಅಂಗಳದಲ್ಲಿ ಬೆಳೆಸಬಹುದೇ? ಶುಭಾಶುಭ ಎಂಬುದು ವಸ್ತುವಿನಲ್ಲಿದೆಯೇ, ನೋಡುವವರ ಮನಸ್ಸಿನಲ್ಲಿದೆಯೇ?

ಪ್ರಶ್ನೆ ಪುಸ್ತಕದಿಂದ ಹುಟ್ಟಿದ್ದಲ್ಲ. ಚೆನ್ನೈಯಲ್ಲಿ ನಮ್ಮ ಬಾಡಿಗೆ ಮನೆಯ ಹಿಂದೆ ನಾಲ್ಕು ಗಜ ಮಣ್ಣಿದೆ. ಫೆಬ್ರವರಿಯಲ್ಲಿ ಮಗಳ ಶಾಲೆಯ ಪಾಠಕ್ಕೆಂದು ಡಬ್ಬಿಯಲ್ಲಿದ್ದ ಕರಿಯೆಳ್ಳನ್ನೇ ಅಲ್ಲಿ ಬಿತ್ತಲು ಹೊರಟಾಗ ನನ್ನ ತಾಯಿ ತಡೆದರು: “ಅದು ಮನೇಲಿ ಬೆಳೆಯೋದಲ್ಲ ಕಣೋ.”

ಬಿ.ಎಸ್ಸಿ. ಓದಿದವನಿಗೆ ಉತ್ತರಕ್ಕೇನು ಬರ? ಕರಿದು, ಬಿಳಿದು ಎರಡೂ ಒಂದೇ ಜಾತಿಯ ಗಿಡ. ಬೇರೆಯಾಗಿರುವುದು ಸಿಪ್ಪೆಯ ಬಣ್ಣ. ನಾವಾಡುವ ‘ಎಣ್ಣೆ’ ಎಂಬ ಮಾತೇ ಎಳ್, ನೆಯ್ ಎರಡೂ ಕೂಡಿ ಆದದ್ದು. ಇಲ್ಲಿನವರು ಎಳ್ಳೆಣ್ಣೆಯನ್ನು ‘ನಲ್ಲೆಣ್ಣೆ’ ಎಂದರೆ ನಮ್ಮ ಕಡೆಯ ಹಿರಿಯರು ‘ಒಳ್ಳೆಣ್ಣೆ’ ಎನ್ನುತ್ತಿದ್ದರು. ಹೆಸರು ಒಳ್ಳೆಯದು, ಗಿಡ ಕೆಟ್ಟದ್ದು ಎಂದರೆ ಹೇಗೆ?

ವಾದವೇನೋ ಸರಿ. ಆದರೆ ಸರಿಯಾದ ವಾದವಿದ್ದ ಮಾತ್ರಕ್ಕೆ ಹಿರಿಯರನ್ನು ಮೀರುವ ಹಕ್ಕು ಬರುತ್ತದೆಯೇ? ತಾಯಿಗೆ ಕರಿಯೆಳ್ಳೆಂದರೆ ತಿಂಗಳು ತಿಂಗಳೂ ತಂದೆಯ ಹೆಸರಿನಲ್ಲಿ ನನ್ನ ಅಂಗೈಯಿಂದ ಜಾರುವ ಕಾಳು. ಅವರು ದಿನವೂ ಬಟ್ಟೆ ಒಣಹಾಕುವ ಕಡೆಯೇ ಅದು ಹೂಬಿಟ್ಟು ನಿಂತರೆ? ಅವರ ದುಃಖಕ್ಕೆ ಸಸ್ಯಶಾಸ್ತ್ರ ಯಾವ ಸಮಾಧಾನ ಹೇಳೀತು? ಇತ್ತ ಮಗಳಿಗೆ ‘ಈ ಗಿಡ ಅಶುಭ’ ಎಂದರೆ ಅದು ಸುಳ್ಳು. ಅಜ್ಜಿಯ ಮನಸ್ಸು ಕಾಯುವುದಕ್ಕಾಗಿ ಮೊಮ್ಮಗಳಿಗೆ ಸುಳ್ಳು ಕಲಿಸುವುದು ನನಗೆ ಒಪ್ಪಿಗೆಯಾಗಲಿಲ್ಲ. ಇದ್ದದ್ದನ್ನೇ ಹೇಳಿದೆ: ಗಿಡದಲ್ಲಿ ದೋಷವಿಲ್ಲ; ಅಜ್ಜಿಗೆ ಅದನ್ನು ಕಂಡರೆ ತಾತನ ನೆನಪು. ತಾರಸಿಯ ಮೇಲೆ ಎರಡು ಕುಂಡ ಇಟ್ಟೆವು.

ಎಳ್ಳು ಬೆಳೆಯುವುದು ಕಷ್ಟವೇನಲ್ಲ. ಸಾವಿರ ಕಾಳಿಗೆ ಸುಮಾರು 3 ಗ್ರಾಂ ತೂಕ. ಒಣಮರಳಿನಲ್ಲಿ ಬೆರೆಸಿ ಚೆಲ್ಲಿ, ತೆಳುವಾಗಿ ಮಣ್ಣು ಮುಚ್ಚಿದರೆ ಸಾಕು. ಬಿಸಿಲು ಬೇಕು, ಅದಕ್ಕೆ ಚೆನ್ನೈಯಲ್ಲಿ ಕೊರತೆಯಿಲ್ಲ. ನಿಂತ ನೀರು ಮಾತ್ರ ಆಗದು. ಒತ್ತಾಗಿ ಹುಟ್ಟಿದ ಸಸಿಗಳಲ್ಲಿ ಬಲವಾದವನ್ನು ಉಳಿಸಿ ಮಿಕ್ಕವನ್ನು ಕೀಳಬೇಕು. (ಮಗಳು ಕೀಳಲು ಒಪ್ಪಲಿಲ್ಲ, ಆ ಪಾಪ ನನ್ನ ಪಾಲಿಗೇ ಬಂತು.) ಸುಮಾರು 40 ದಿನಕ್ಕೆ ಗಂಟೆಯಂಥ ಹೂ. ಕೊಯ್ಲಿನ ಹೊತ್ತನ್ನು ನೋಡಿಕೊಳ್ಳಬೇಕು. ಕಾಯಿ ಬುಡದಿಂದ ಮೇಲಕ್ಕೆ ಬಲಿಯುತ್ತದೆ. ತುದಿಯದು ಇನ್ನೂ ಹಸಿರಿರುವಾಗಲೇ ಕೆಳಗಿನದು ಒಣಗಿ ಬಾಯಿಬಿಡುತ್ತದೆ. ಎಲ್ಲವೂ ಒಣಗಲೆಂದು ಕಾದರೆ ಕಾಳು ಮಣ್ಣುಪಾಲು. ಎಲೆ ಉದುರಿ ಕೆಳಗಿನ ಕಾಯಿ ಹಳದಿಯಾದಾಗಲೇ ಕೊಯ್ದು, ಕಟ್ಟಿ ನಿಲ್ಲಿಸಿ ಒಣಗಿಸಿ, ಬಟ್ಟೆಯ ಮೇಲೆ ತಲೆಕೆಳಗಾಗಿ ಬಡಿಯಬೇಕು.

ಮೇ ತಿಂಗಳಲ್ಲಿ ಸಂಡಿಗೆ ಒಣಗಿಸಲು ಬಂದ ತಾಯಿ ಆ ಕಟ್ಟನ್ನು ನೋಡಿದರು, ಏನೂ ಅನ್ನಲಿಲ್ಲ. ನಾನು ಬಡಿದ ಕಾಳನ್ನು ಮೊರದಲ್ಲಿ ಕೇರಿದವರು ಅವರೇ. ಒಂದು ಹಿಡಿ ಆಗಿತ್ತು. ಬೇರೆ ಡಬ್ಬಿಗೆ ಹಾಕಿ, “ಈ ಅಮಾವಾಸ್ಯೆಗೆ ಅಂಗಡಿಯದು ತರಬೇಡ” ಎಂದರು. ಮನೆಯ ಹಿಂದಿನ ಮಣ್ಣಿನಲ್ಲಿ ಮಾತ್ರ ಈಗಲೂ ದಾಸವಾಳ, ದೊಡ್ಡಪತ್ರೆ ಅಷ್ಟೇ. ಅಲ್ಲಿ ಎಳ್ಳು ಬಿತ್ತೋಣವೇ ಎಂದು ನಾನು ಮತ್ತೆ ಕೇಳಿಲ್ಲ.