ಹಡಗನ್ನು ಕಳಕೊಂಡ ನಾಯಕನು

ಶಿರಸಿಯಿಂದ ದೇವಿಮನೆ ಘಟ್ಟವನ್ನಿಳಿದು ಕುಮಟೆಗೆ ಹೋದವರು ಸಮುದ್ರವನ್ನು ಕಂಡಿದ್ದಾರೆ. ಆ ಸಮುದ್ರವೇ ಹೆಪ್ಪುಗಟ್ಟಿ ಬಂಡೆಯಂತಾಗುವದನ್ನು ನಮ್ಮ ಸೀಮೆಯವರು ಊಹಿಸುವದು ಕಷ್ಟ. ಭೂಮಿಯ ದಕ್ಷಿಣದ ತುದಿಯಲ್ಲಿ ಹಾಗಾಗುವದುಂಟು. 1915ನೆಯ ಇಸವಿ ಜನವರಿಯಲ್ಲಿ ಅರ್ನೆಸ್ಟ್ ಶ್ಯಾಕಲ್ಟನ್ ಎಂಬವನ ‘ಎಂಡ್ಯೂರನ್ಸ್’ ಹಡಗು ವೆಡೆಲ್ ಸಮುದ್ರದ ಮಂಜುಗಡ್ಡೆಯಲ್ಲಿ ಸಿಕ್ಕಿಕೊಂಡಿತು. ಅದರಲ್ಲಿ 28 ಮಂದಿ ಇದ್ದರು. ಧ್ರುವಖಂಡವನ್ನು ಒಂದು ಕಡಲಿನಿಂದ ಇನ್ನೊಂದು ಕಡಲಿನ ವರೆಗೆ ದಾಟಬೇಕೆಂಬದು ಅವನ ಸಂಕಲ್ಪವಾಗಿತ್ತು. ಆಲೆಮನೆಯ ಗಾಣಕ್ಕೆ ಸಿಕ್ಕಿದ ಕಬ್ಬಿನಂತೆ ಆ ಹಡಗು ನುರಿದು, ನವೆಂಬರ್ 21ರಲ್ಲಿ ಮುಳುಗಿತು. 2022ರಲ್ಲಿ ಅದನ್ನು 3,000 ಮೀಟರಿಗಿಂತಲೂ ಆಳದಲ್ಲಿ ಕಂಡುಹಿಡಿದರು.

ಕೈಕೊಂಡ ಕಾರ್ಯವನ್ನು ಸಾಧಿಸದವನನ್ನು ಒಳ್ಳೇ ನಾಯಕನೆನ್ನಬಹುದೋ? ನೇಗಿಲಿಗೆ ಕೈಹಾಕಿ ಹಿಂದಕ್ಕೆ ನೋಡುವವನ ವಿಷಯವಾಗಿ ಕರ್ತನು ಹೇಳಿದ್ದನ್ನು ಬಲ್ಲ ನಾವು ಈ ಪ್ರಶ್ನೆಯನ್ನು ಹಗುರವಾಗಿ ಎತ್ತಲಾರೆವು.

ಹಡಗು ಮುರಿದ ಮೇಲೆ ಶ್ಯಾಕಲ್ಟನನು ಖಂಡ ದಾಟುವ ಮಾತನ್ನೇ ಬಿಟ್ಟನು. ಎಲ್ಲರನ್ನೂ ಜೀವದಿಂದ ಮನೆಗೆ ಮುಟ್ಟಿಸುವದೇ ಅವನ ಕಾರ್ಯವಾಯಿತು. ಹೊರೆ ಕಡಿಮೆಮಾಡುವದಕ್ಕಾಗಿ ಮೊದಲು ತನ್ನ ಬಂಗಾರದ ನಾಣ್ಯಗಳನ್ನೇ ಹಿಮದ ಮೇಲೆ ಬಿಸಾಡಿದನು. ರಾಣಿಯು ಕೊಟ್ಟಿದ್ದ ಸತ್ಯವೇದವನ್ನೂ ಅಲ್ಲಿಯೇ ಇಟ್ಟು, ಇಪ್ಪತ್ತಮೂರನೆಯ ಕೀರ್ತನೆಯ ಹಾಳೆಯನ್ನೂ ಯೋಬನ ಗ್ರಂಥದ ಒಂದು ಹಾಳೆಯನ್ನೂ ಹರಿದುಕೊಂಡನು. ವಾಚಕರಲ್ಲಿ ಕೆಲವರಿಗೆ ಇದು ನೋವನ್ನುಂಟುಮಾಡೀತು. ಮ್ಯಾಕ್ಲೌಡ್ ಎಂಬ ನಾವಿಕನಿಗೂ ಹಾಗೆಯೇ ಆಗಿ, ಅವನು ಆ ಪುಸ್ತಕವನ್ನು ಗುಟ್ಟಾಗಿ ಎತ್ತಿಟ್ಟುಕೊಂಡನು. ತುಪ್ಪಟದ ಮಲಗುಚೀಲಗಳು ಎಲ್ಲರಿಗೂ ಸಾಲದೆ ಚೀಟು ಹಾಕಿದಾಗ, ಒಳ್ಳೆಯವು ಸಾಮಾನ್ಯ ನಾವಿಕರಿಗೇ ಬಂದವು. ಚೀಟಿನಲ್ಲಿ ಏನೋ ಉಪಾಯ ನಡೆದಿತ್ತೆಂದು ಅವರಲ್ಲೊಬ್ಬನು ತಿಳಿದನು. ಇಂಥ ಉಪಾಯವನ್ನು ನಾವು ಖಂಡಿಸಲಾರೆವು.

1916ರ ಏಪ್ರಿಲಿನಲ್ಲಿ ಅವರು ಮೂರು ದೋಣಿಗಳಲ್ಲಿ ಹೊರಟು ಎಲಿಫೆಂಟ್ ದ್ವೀಪವನ್ನು ಸೇರಿದರು. ಅದು ನಿರ್ಜನವಾದದ್ದು, ಅಲ್ಲಿಗೆ ಯಾವ ಹಡಗೂ ಬರುವಂತಿರಲಿಲ್ಲ. ಆಗ ಶ್ಯಾಕಲ್ಟನನು 22 ಮಂದಿಯನ್ನು ಫ್ರಾಂಕ್ ವೈಲ್ಡನ ವಶಕ್ಕೆ ಕೊಟ್ಟು, ಐವರೊಡನೆ ಸುಮಾರು 22 ಅಡಿ ಉದ್ದದ ಒಂದು ದೋಣಿಯಲ್ಲಿ ಹೊರಟುಹೋದನು.

ಇದು ಕುರಿಗಳನ್ನು ಬಿಟ್ಟು ಓಡುವದಲ್ಲವೋ ಎಂದು ಕೇಳಬಹುದು. ಪೌಲನಿದ್ದ ಹಡಗು ಬಿರುಗಾಳಿಗೆ ಸಿಕ್ಕಿದಾಗ ನಾವಿಕರು ದೋಣಿಯನ್ನಿಳಿಸಿ ತಪ್ಪಿಸಿಕೊಳ್ಳಲು ನೋಡಿದರು. ಸಿಪಾಯಿಗಳು ಅದರ ಹಗ್ಗಗಳನ್ನು ಕತ್ತರಿಸಿಬಿಟ್ಟರು. ಅಲ್ಲಿಯೂ ದೋಣಿ, ಇಲ್ಲಿಯೂ ದೋಣಿ. ಆ ನಾವಿಕರು ಹೆಚ್ಚು ಅಪಾಯದಿಂದ ಕಡಿಮೆ ಅಪಾಯಕ್ಕೆ ಹೋಗಬೇಕೆಂದಿದ್ದರು. ಇವನೋ ನೆಲವನ್ನು ಬಿಟ್ಟು ಲೋಕದಲ್ಲೇ ಅತಿ ಭಯಂಕರವಾದ ಕಡಲಿಗೆ ಇಳಿದನು. ಕೆಲಸದಲ್ಲಿ ಗಟ್ಟಿಗನಾದರೂ ಹಿಂದೊಮ್ಮೆ ಎದುರುಬಿದ್ದಿದ್ದ ಬಡಗಿ ಮ್ಯಾಕ್ನಿಷನನ್ನು ತನ್ನ ಸಂಗಡಲೇ ಕರಕೊಂಡನು. ತುಂಬಿದ ಹಳ್ಳದಲ್ಲಿ ಸಂಕ ಕೊಚ್ಚಿಹೋದಾಗ ಹಗ್ಗವನ್ನು ಹಿಡಿದು ಮೊದಲು ನೀರಿಗಿಳಿಯುವವನನ್ನು ಓಡಿಹೋದವನೆಂದು ನಮ್ಮ ಯಲ್ಲಾಪುರ, ಸಿದ್ದಾಪುರದ ಹಳ್ಳಿಗಳಲ್ಲಿ ಯಾರೂ ಅನ್ನರಷ್ಟೆ.

ಮೇ 10ರಂದು ಅವರು ಸೌತ್ ಜಾರ್ಜಿಯ ದ್ವೀಪವನ್ನು ಮುಟ್ಟಿದರು. ಅಲ್ಲಿಂದ ಶ್ಯಾಕಲ್ಟನನೂ ವರ್ಸ್ಲಿಯೂ ಕ್ರೀನನೂ ಹಿಮಪರ್ವತಗಳನ್ನು 36 ಗಂಟೆಗಳಲ್ಲಿ ದಾಟಿ ತಿಮಿಂಗಿಲ ಹಿಡಿಯುವವರ ಠಾಣ್ಯಕ್ಕೆ ಬಂದರು. ಆ ನಡಿಗೆಯಲ್ಲಿ ತಾವು ಮೂವರಲ್ಲ, ನಾಲ್ವರು ಎಂಬಂತೆ ತನಗೆ ತೋರಿತೆಂದು ಅವನು ಅನಂತರ ಬರೆದನು. ಬೆಂಕಿಯ ಆವಿಗೆಯಲ್ಲಿ ಕಂಡ ನಾಲ್ಕನೆಯವನು ನಮ್ಮ ನೆನಪಿಗೆ ಬರುತ್ತಾನೆ.

ಇತ್ತ ದ್ವೀಪದಲ್ಲಿ 22 ಮಂದಿ ಎರಡು ದೋಣಿಗಳನ್ನು ಬೋರಲು ಹಾಕಿ ಅವುಗಳಡಿಯಲ್ಲಿ ನಾಲ್ಕು ತಿಂಗಳಿಗಿಂತ ಹೆಚ್ಚು ಕಾಲ ಬದುಕಿದರು. ನಾಯಕನು ಇಂದೇ ಬಂದಾನೆಂದು ವೈಲ್ಡನು ಮತ್ತೆ ಮತ್ತೆ ಅವರ ಹಾಸಿಗೆಗಳನ್ನು ಸುತ್ತಿಡಿಸುತ್ತಿದ್ದನು. ಮೂರು ಸಾರಿ ಮಂಜು ತಡೆದ ಮೇಲೆ, ಆಗಸ್ಟ್ 30ರಂದು ಚಿಲಿ ದೇಶದ ‘ಯೆಲ್ಚೊ’ ಎಂಬ ಸಣ್ಣ ಹಡಗಿನಲ್ಲಿ ಅವನು ಬಂದನು. ಒಬ್ಬನೂ ಸತ್ತಿರಲಿಲ್ಲ.

ಕಥೆಯನ್ನು ಇಲ್ಲಿಗೇ ಮುಗಿಸುವವರು ಬಹುಮಂದಿ. ನಮಗೆ ಅದು ನ್ಯಾಯವಾಗಿ ತೋರುವದಿಲ್ಲ. ಖಂಡದ ಆಚೇ ಕಡೆ ರಾಸ್ ಸಮುದ್ರದ ತೀರದಲ್ಲಿ ಅವನೇ ಕಳುಹಿಸಿದ ಇನ್ನೊಂದು ಪಂಗಡವಿತ್ತು. ದಾಟಿ ಬರುವವರಿಗೋಸ್ಕರ ದಾರಿಯಲ್ಲಿ ಆಹಾರ ಇಡುವದು ಅವರ ಕೆಲಸ. ಅವರ ಹಡಗು ಬಿರುಗಾಳಿಗೆ ಕಿತ್ತುಹೋಗಿ ಹತ್ತು ಮಂದಿ ದಡದಲ್ಲಿ ಉಳಿದರು. ಆದರೂ ಹರಕು ಬಟ್ಟೆಯಲ್ಲಿ ಜಾರುಬಂಡಿಗಳನ್ನೆಳೆದು ಹೇಳಿದಲ್ಲೆಲ್ಲಾ ಆಹಾರವಿಟ್ಟರು. ತಿನ್ನತಕ್ಕವರು ಬರುವದಿಲ್ಲವೆಂಬದು ಅವರಿಗೆ ಗೊತ್ತಿರಲಿಲ್ಲ. ಅವರಲ್ಲಿದ್ದ ಸ್ಪೆನ್ಸರ್-ಸ್ಮಿತ್ ಎಂಬ ಬೋಧಕನು ರೋಗದಿಂದ ನಡೆಯಲಾರದೆ ಹೋದಾಗ, ತಾವೇ ಸೊರಗಿದ್ದ ಜತೆಗಾರರು ಅವನನ್ನು ಬಂಡಿಯಲ್ಲಿ ಎಳೆದು ತಂದರು; 1916 ಮಾರ್ಚ್ 9ರಂದು ಅವನು ದಾರಿಯಲ್ಲೇ ತೀರಿದನು. ಮೇ ತಿಂಗಳಲ್ಲಿ ಮ್ಯಾಕಿಂಟಾಷನೂ ಹೇವರ್ಡನೂ ಕಡಲಿನ ಎಳೇ ಮಂಜಿನ ಮೇಲೆ ನಡೆದುಹೋಗಿ ಕಾಣದಾದರು.

ಹೀಗಿರಲಾಗಿ ಶ್ಯಾಕಲ್ಟನನು ಒಬ್ಬನನ್ನೂ ಕಳಕೊಳ್ಳಲಿಲ್ಲವೆಂದು ಹೇಗೆ ಹೇಳೋಣ? ಕಣ್ಣೆದುರಿಗಿದ್ದ ಮಂದೆಯನ್ನು ಅವನು ಕಾದದ್ದು ಮೆಚ್ಚತಕ್ಕದ್ದೇ. ಸಾಲದ ಸಾಮಗ್ರಿಯೊಡನೆ ದೂರಕ್ಕೆ ಕಳುಹಿಸಿದವರೂ ಅವನ ಮಂದೆಯೇ ಆಗಿದ್ದರು. ನಮ್ಮಲ್ಲಿಯೂ ಸಭೆಯ ಲೆಕ್ಕ ಬರೆಯುವಾಗ ಕಾಡಂಚಿನ ಒಂದೆರಡು ಮನೆಗಳು ಬಿಟ್ಟುಹೋಗುವದುಂಟು.

1917ರ ಜನವರಿಯಲ್ಲಿ ಅವನು ಅಲ್ಲಿಗೂ ಹೋಗಿ ಉಳಿದ ಏಳು ಮಂದಿಯನ್ನು ಕರತಂದನು. ಹೊರಡುವ ಮುಂಚೆ ಕಾಣದೆಹೋದ ಇಬ್ಬರಿಗಾಗಿ ತೀರದಲ್ಲೆಲ್ಲಾ ಹುಡುಕಿದನು, ಸಿಕ್ಕಲಿಲ್ಲ. ಮೂವರ ನೆನಪಿಗಾಗಿ ನೆಟ್ಟ ಶಿಲುಬೆಯು ಎವನ್ಸ್ ಭೂಶಿರದ ಗುಡ್ಡದ ಮೇಲೆ ಇದೆ.