ಬಾಕಿ ಕೂಲಿಯ ಬಡ್ಡಿ

ಗಬ್ಬೂರಿನಿಂದ ಬಸ್ಸು ಹತ್ತಿದ ಇಬ್ಬರು ಹೆಂಗಸರ ಮಾತು ಒಮ್ಮೆ ನಮ್ಮ ಕಿವಿಗೆ ಬಿತ್ತು. ಹತ್ತಿ ಬಿಡಿಸಿದ ಎರಡು ವಾರದ ಕೂಲಿ ಬಂದಿರಲಿಲ್ಲ. "ಕೊಡಂಗಿಲ್ಲ ಅಂತ ಎಲ್ಲಿ ಅಂದಾರ? ಮಾಲು ಹೋದ ಮ್ಯಾಲೆ ಕೊಡ್ತಾರ" ಎಂದಳು ಒಬ್ಬಳು. "ಅಲ್ಲೀತನಕ ಕಿರಾಣಿ ಅಂಗಡ್ಯಾವ ಸುಮ್ಮನಿರ್ತಾನೇನು?" ಎಂದಳು ಇನ್ನೊಬ್ಬಳು.

ತಡವಾಗಿಯಾದರೂ ಕೊಡುವವನು ತಪ್ಪಿತಸ್ಥನೇ? ಕೂಲಿ ನುಂಗಿದವನನ್ನು ಕಳ್ಳನೆನ್ನಲು ನಾವು ಹಿಂಜರಿಯುವುದಿಲ್ಲ. ತಡ ಮಾಡುವವನನ್ನು ಮಾತ್ರ 'ಪಾಪ, ಅಡಚಣೆಯಲ್ಲಿದ್ದಾನೆ' ಎಂದು ಬಿಟ್ಟುಬಿಡುತ್ತೇವೆ. ಅಡಚಣೆ ಸುಳ್ಳೇನಲ್ಲ. ರೈತನ ಹತ್ತಿ ರಾಯಚೂರಿನ ಮಾರುಕಟ್ಟೆಗೆ ಹೋಗಿ ರೊಕ್ಕವಾಗಿ ಬರಬೇಕು. ಬೆಲೆ ಬಿದ್ದರೆ ಅವನೂ ಸಾಲಗಾರನೇ. ಆದರೆ ಬೆಲೆ ಏರಿದ ವರ್ಷ ಕೂಲಿಯವಳಿಗೆ ಅದರಲ್ಲಿ ಪಾಲು ಕೊಟ್ಟವರುಂಟೇ? ಲಾಭದಲ್ಲಿ ಪಾಲಿಲ್ಲದವಳು ಅಡಚಣೆಯಲ್ಲಿ ಮಾತ್ರ ಪಾಲುದಾರಳಾಗುವುದು ಯಾವ ನ್ಯಾಯ?

ಸರ್ಕಾರವೂ ಈ ವಿಷಯದಲ್ಲಿ ದೊಡ್ಡ ಸಾಹುಕಾರನೇ. 2006ರ ಫೆಬ್ರವರಿಯಲ್ಲಿ ಉದ್ಯೋಗ ಖಾತರಿ ಕಾಯ್ದೆ ಮೊದಲು ಜಾರಿಯಾದ 200 ಜಿಲ್ಲೆಗಳಲ್ಲಿ ನಮ್ಮ ರಾಯಚೂರೂ ಒಂದು. ದುಡಿದ 15 ದಿನಗಳೊಳಗೆ ಕೂಲಿ ಕೊಡಬೇಕೆಂದು ಆ ಕಾಯ್ದೆ ಹೇಳಿತ್ತು. ತಪ್ಪಿದರೆ, ಮುಂದೆ ಬಂದ ನಿಯಮದಂತೆ, 16ನೆಯ ದಿನ ದಾಟಿದ ಮೇಲೆ ದಿನಕ್ಕೆ ಶೇಕಡಾ 0.05ರಷ್ಟು ಪರಿಹಾರ. ಸಾವಿರ ರೂಪಾಯಿಯ ಬಾಕಿಗೆ ದಿನಕ್ಕೆ 50 ಪೈಸೆ, ತಿಂಗಳಿಗೆ 15 ರೂಪಾಯಿ. ಅದೇ ಸಾವಿರವನ್ನು ಕೂಲಿಕಾರ ಊರಲ್ಲಿ ನೂರಕ್ಕೆ ಮೂರರಂತೆ ಸಾಲ ತಂದರೆ ತಿಂಗಳಿಗೆ 30. ಪರಿಹಾರ ಸರಿಯಾಗಿ ಕೈಸೇರಿದರೂ ಅರ್ಧ ಬಡ್ಡಿ ಅವನ ಮೈಮೇಲೆಯೇ ಉಳಿಯುತ್ತದೆ. ಆಡಳಿತದ ತಡಕ್ಕೆ ಕೂಲಿಕಾರ ಬೆಲೆ ತೆರುವಂತಾಗಬಾರದೆಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಬೇಕಾಯಿತು.

ಇನ್ನು ಹೆಚ್ಚಿನ ಹೊತ್ತಿನ ದುಡಿಮೆ. ಕಾರ್ಖಾನೆಯಲ್ಲಿ ಅದಕ್ಕೆ ಇಮ್ಮಡಿ ಕೂಲಿಯೆಂದು 1948ರ ಕಾಯ್ದೆಯಲ್ಲೇ ಬರೆದಿಟ್ಟರು. ಕಳೆ ತೆಗೆಯುವ ಹೊಲದಲ್ಲಿ "ಇನ್ನೊಂದು ಸಾಲು ಮುಗಿಸಿ ಹೋಗವ್ವ" ಎನ್ನುವ ಗಂಟೆಗೆ ಲೆಕ್ಕವೇ ಇಲ್ಲ.

ನಾವು ಉರ್ದು ಶಾಲೆಯಲ್ಲಿ ಓದಿದವರು. ಅಲ್ಲಿ 'ಹಕ್' ಎಂದರೆ ಸತ್ಯವೂ ಹೌದು, ಒಬ್ಬನಿಗೆ ಸಲ್ಲಬೇಕಾದದ್ದೂ ಹೌದು. ಬೆವರು ಆರುವ ಮೊದಲೇ ಕೂಲಿ ಕೊಡಬೇಕೆಂಬ ಪ್ರವಾದಿವರ್ಯರ ಮಾತನ್ನು ಚಿಕ್ಕಂದಿನಲ್ಲೇ ಬಾಯಿಪಾಠ ಮಾಡಿದ್ದೆವು. ಬಡ್ಡಿ ಮುಟ್ಟಬಾರದೆಂಬುದನ್ನೂ ಕಲಿತಿದ್ದೆವು. ಇಷ್ಟೆಲ್ಲ ಕಲಿತ ನಾವು ಮನೆಗೆ ಗಿಲಾವು ಮಾಡಿದ ಗೌಂಡಿಗೆ ನಾಲ್ಕು ಸಾವಿರ ಬಾಕಿ ಉಳಿಸಿಕೊಂಡು, "ಪಗಾರ ಆಗಲಿ" ಎಂದು ಎರಡು ತಿಂಗಳು ತಿರುಗಾಡಿಸಿದೆವು. ಅಷ್ಟರಲ್ಲಿ ಅವನು ಮಗಳ ಫೀಗೆಂದು ಬಡ್ಡಿಗೆ ಸಾಲ ತಂದಿದ್ದ. ನಾವು ಬಡ್ಡಿ ಮುಟ್ಟಲಿಲ್ಲ, ನಿಜ. ನಮ್ಮ ಬದಲಿಗೆ ಅವನು ಕಟ್ಟಿದ್ದ.

ಗೊತ್ತಾದ ಮೇಲೆ ಲೆಕ್ಕ ಹಾಕಿ 240 ರೂಪಾಯಿ ಹೆಚ್ಚಿಗೆ ಇಟ್ಟು ಕೊಡಲು ಹೋದೆವು. ಅವನು ಎರಡು ಸಲ ಎಣಿಸಿ, ಹೆಚ್ಚಿನದನ್ನು ತೆಗೆದು ನಮ್ಮ ಕೈಯಲ್ಲೇ ಇಟ್ಟ.

"ಬ್ಯಾಡ್ರೀ ಸಾಹೇಬ್ರ, ನಿಮ್ಮ ಮಂದ್ಯಾಗ ಬಡ್ಡಿ ನಡಿಯಂಗಿಲ್ಲಲ್ರೀ."